ಮನೆಯಂಗಳದ ಹೂದೋಟ: ಚಳಿಗೆ ಏಳುವ ಗೆಡ್ಡೆ, ಮಳೆಗೆ ಏಳುವ ಗೆಡ್ಡೆ

ಮಧುಗಿರಿಯಿಂದ ಸೋದರಿಯೊಬ್ಬರು ಬರೆದ ಕಾಗದವು ಯುಗಾದಿಯ ಹಿಂದಿನ ವಾರ ನಮ್ಮ ಕೈಸೇರಿತು. ನಾಲ್ಕು ಪುಟದ ಕಾಗದ. ಮೊದಲ ಮೂರು ಪುಟ ಹೂವಿನ ಮಾತು; ಕೊನೆಯ ಪುಟ ಮನಸ್ಸಿನ ಮಾತು. ಹೂವಿನ ಮಾತೊಂದೇ ಆಗಿದ್ದರೆ ನಾಲ್ಕು ಸಾಲಿನ ಉತ್ತರ ಸಾಕಾಗುತ್ತಿತ್ತು. ಆ ಕೊನೆಯ ಪುಟಕ್ಕಾಗಿ ಈ ವಾರದ ಅಂಕಣವನ್ನೆಲ್ಲ ಮೀಸಲಿಡಬೇಕಾಗಿದೆ.

ಸಂಗತಿ ಇಷ್ಟು. ಅವರ ಒಬ್ಬಳೇ ಮಗಳು ಮದುವೆಯಾಗಿ ಇಂಗ್ಲೆಂಡಿನಲ್ಲಿ ನೆಲೆಸಿದ್ದಾಳೆ. ಪ್ರತಿ ವರ್ಷವೂ ಮಾರ್ಚ್ ತಿಂಗಳು ಬಂತೆಂದರೆ ಅವಳು ತಾಯಿಗೆ ಒಂದು ಚಿತ್ರ ಕಳುಹಿಸುವುದುಂಟು: ಕಿಟಕಿಯ ಕಟ್ಟೆಯ ಮೇಲೊಂದು ಪುಟ್ಟ ಕುಂಡ, ಅದರಲ್ಲಿ ಗೇಣುದ್ದದ ಡ್ಯಾಫೊಡಿಲ್ ಗಿಡಗಳು, ಒಂದೊಂದರ ತುದಿಯಲ್ಲೂ ಅರಿಶಿನದ ಬಟ್ಟಲನ್ನಿಟ್ಟಂತೆ ಹೂ. ಸಂಕ್ರಾಂತಿಗೆ ಮಗಳು ಮೊಮ್ಮಗುವಿನೊಡನೆ ತವರಿಗೆ ಬರುವಾಗ ಅದೇ ಹೂ ತಮ್ಮ ಮನೆಯ ಜಗುಲಿಯ ಮೇಲೂ ಅರಳಿರಬೇಕೆಂದು ತಾಯಿಯ ಆಸೆ. ನಮ್ಮ ದೇಶದಲ್ಲಿಯೇ ಮಾರುವವರಿಂದ ಅಂಚೆಯ ಮೂಲಕ ಗೆಡ್ಡೆಗಳನ್ನು ತರಿಸಿ, ಎರಡು ವರ್ಷ ಕಾರ್ತಿಕ ಮಾಸದಲ್ಲಿ ನೆಟ್ಟರು. ಮೊದಲ ವರ್ಷ ಎಲೆ ಬಂತು, ಹೂ ಬರಲಿಲ್ಲ. ಎರಡನೆಯ ವರ್ಷ, ನೀರು ಸಾಲದೆ ಹೋಗಿರಬಹುದೆಂದು ದಿನಕ್ಕೆರಡು ಬಾರಿ ನೀರೆರೆದರು. ಗೆಡ್ಡೆಗಳು ಕೊಳೆತು ಹೋದವು.

ಅದನ್ನು ಕಂಡ ನೆರೆಮನೆಯಾಕೆ, “ಕೈಗುಣ ಹೋಯ್ತು ಬಿಡಿ ಅಕ್ಕ” ಎಂದು ಹೇಳಿದರಂತೆ. ಆಕೆಗೆ ಅದು ಬಾಯಿಮಾತು, ಇವರಿಗೆ ಮುಳ್ಳು. ಬೀದಿಯ ಮನೆಗಳಿಗೆಲ್ಲ ಮಲ್ಲಿಗೆ, ಕನಕಾಂಬರ ಹಂಚಿದ ಕೈ ಇವರದು. ಆ ದಿನದಿಂದ ಒಂದು ಕಡ್ಡಿಯನ್ನೂ ನೆಟ್ಟಿಲ್ಲ. ಮಲ್ಲಿಗೆಯ ಬಳ್ಳಿಯನ್ನು ಕೂಡ ಬೇರೆಯವರಿಗೆ ಕೊಟ್ಟುಬಿಡುವುದೇ ಲೇಸೆಂಬ ಯೋಚನೆ ಬಂದಿದೆಯಂತೆ. “ನನ್ನ ಕೈಗೆ ಏನಾಗಿದೆ?” ಎಂಬುದು ಕಾಗದದ ಕೊನೆಯ ಸಾಲು.

ತಾಯಿ, ನಿಮ್ಮ ಕೈಗೆ ಏನೂ ಆಗಿಲ್ಲ. ಗೆಡ್ಡೆಗೆ ಸಿಕ್ಕಬೇಕಾದ ಚಳಿ ಸಿಕ್ಕಲಿಲ್ಲ, ಅಷ್ಟೆ. ಮಲ್ಲಿಗೆಯ ಬಳ್ಳಿಯನ್ನು ದಯವಿಟ್ಟು ಯಾರಿಗೂ ಕೊಡಬೇಡಿ.

ಈ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಡ್ಯಾಫೊಡಿಲ್ ಗಿಡದ ತವರು ಸ್ಪೇನ್, ಪೋರ್ಚುಗಲ್ ಮತ್ತು ಅವುಗಳ ಆಚೀಚೆಯ ನಾಡುಗಳು. ಅಲ್ಲಿ ಬೇಸಗೆ ಒಣಗಿರುತ್ತದೆ. ಮಳೆ ಮತ್ತು ಚಳಿ ಒಟ್ಟಿಗೇ ಬರುತ್ತವೆ. ಆದುದರಿಂದ ಈ ಗಿಡ ಬೇಸಗೆಯನ್ನೆಲ್ಲ ನೆಲದೊಳಗೆ ಗೆಡ್ಡೆಯಾಗಿ ಮಲಗಿ ಕಳೆಯುತ್ತದೆ. ಆದರೆ ಅದು ಬರಿಯ ನಿದ್ದೆಯಲ್ಲ. ಹೊರಗೆ ಎಲೆ ಒಣಗಿ ಬಿದ್ದಮೇಲೆ, ಆ ಬೆಚ್ಚನೆಯ ದಿನಗಳಲ್ಲಿಯೇ, ಗೆಡ್ಡೆಯ ಒಡಲಲ್ಲಿ ಮುಂದಿನ ವರ್ಷದ ಹೂ ರೂಪುಗೊಳ್ಳುತ್ತದೆ. ಎಸಳು, ಕೇಸರ, ನಡುವಣ ಬಟ್ಟಲು ಎಲ್ಲವೂ ಕಾಳಿನಷ್ಟು ಸಣ್ಣದಾಗಿ ಅಲ್ಲಿ ಸಿದ್ಧವಾಗಿರುತ್ತವೆ. ಒಳ್ಳೆಯ ಗೆಡ್ಡೆಯನ್ನು ನೀವು ಕೊಂಡಾಗ ಅದರ ಹೊಟ್ಟೆಯಲ್ಲಿ ಹೂ ಆಗಲೇ ಇರುತ್ತದೆ.

ಆ ಹೂವಿನ ದಂಟು ನೀಳವಾಗಿ ಬೆಳೆದು ಹೊರಬರಬೇಕಾದರೆ ಮಾತ್ರ ಚಳಿ ಬೇಕು. ಒಂದು ದಿನದ ಚಳಿಯಲ್ಲ, ಒಂದು ವಾರದ್ದೂ ಅಲ್ಲ. ಸುಮಾರು ೧೨ರಿಂದ ೧೬ ವಾರಗಳ ಕಾಲ ಮಣ್ಣು ೯ ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸಿನಲ್ಲೋ ಅದಕ್ಕಿಂತ ಕೆಳಗೋ ಇರಬೇಕು. ಅಷ್ಟು ಕಾಲ ತಣ್ಣಗಿದ್ದು, ಮೇಲೆ ಹದವಾದ ಬಿಸಿಲು ತಾಕಿದಾಗ ಗೆಡ್ಡೆಗೆ ‘ಚಳಿಗಾಲ ಕಳೆಯಿತು’ ಎಂಬ ಅರಿವು. ಚಳಿಯೇ ಬರಲಿಲ್ಲವೆಂದರೆ ಎಲೆಗಳೇನೋ ಎದ್ದಾವು. ಮೊಗ್ಗು ಒಳಗೇ ಬಾಡಿ ಕಂದುತ್ತದೆ. ಮಧುಗಿರಿಯಲ್ಲಿ ಮೊದಲ ವರ್ಷ ನಡೆದದ್ದು ಇದೇ. ಎರಡನೆಯ ವರ್ಷ ನಡೆದದ್ದಂತೂ ಇನ್ನೂ ಸರಳ: ಬೆಚ್ಚನೆಯ ಒದ್ದೆಮಣ್ಣಿನಲ್ಲಿ ಬೇರು ಬಿಡದ ಗೆಡ್ಡೆ ಕೊಳೆಯದೆ ಇರುವುದಿಲ್ಲ.

ನಮ್ಮ ಸೀಮೆಯ ಚಳಿಯನ್ನು ಲೆಕ್ಕಹಾಕಿ ನೋಡಿ. ಪುಷ್ಯಮಾಸದಲ್ಲಿ ಮಧುಗಿರಿಯ ಜನ ಕಂಬಳಿ ಹೊದೆಯುವ ರಾತ್ರಿಗಳಲ್ಲಿಯೂ ಉಷ್ಣತೆ ಸಾಮಾನ್ಯವಾಗಿ ೧೫ ಡಿಗ್ರಿಯ ಹತ್ತಿರ ನಿಲ್ಲುತ್ತದೆ. ಹಗಲಾದೊಡನೆ ಮತ್ತೆ ಬಿಸಿಲು ಚುರುಗುಟ್ಟುತ್ತದೆ. ಕುಂಡವನ್ನು ಹೊತ್ತು ಮಧುಗಿರಿಯ ಏಕಶಿಲಾ ಬೆಟ್ಟವನ್ನೇ ಏರಿದರೂ ಸಮುದ್ರಮಟ್ಟದಿಂದ ಸುಮಾರು ೩,೯೦೦ ಅಡಿ ಎತ್ತರವಷ್ಟೆ. ಗೆಡ್ಡೆಗೆ ಬೇಕಾದ ಚಳಿ ಅಲ್ಲಿಯೂ ಇಲ್ಲ. ಪಾವಗಡದ ಮಾತನ್ನಂತೂ ಕೇಳುವುದೇ ಬೇಡ. ಅಲ್ಲಿನ ತಿರುಮಣಿಯ ಸುತ್ತಣ ಸುಮಾರು ೧೩,೦೦೦ ಎಕರೆಯಲ್ಲಿ ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಸ್ಥಾವರವನ್ನು ನಿಲ್ಲಿಸಿರುವುದೇ ಆ ತಾಲ್ಲೂಕಿನ ಬಿಸಿಲನ್ನು ನಂಬಿ! ಲಕ್ಷಾಂತರ ದೀಪಗಳನ್ನು ಬೆಳಗಿಸುವ ಆ ಬಿಸಿಲು ಒಂದು ಡ್ಯಾಫೊಡಿಲ್ಲನ್ನು ಅರಳಿಸಲಾರದು. ಅದರಲ್ಲಿ ಬಿಸಿಲಿನ ತಪ್ಪೇನು? ನೆಟ್ಟವರ ತಪ್ಪೇನು?

ಹಾಗಾದರೆ ದಾರಿಯೇ ಇಲ್ಲವೇ? ಉಂಟು, ಒಂದಲ್ಲ, ಎರಡು.

ಮೊದಲನೆಯ ದಾರಿ ಅಡಿಗೆಮನೆಯಲ್ಲಿದೆ. ಇಂಗ್ಲೆಂಡಿನ ಚಳಿಗಾಲವನ್ನು ನಮ್ಮ ಫ್ರಿಜ್ಜಿನೊಳಗೆ ನಾವೇ ಮಾಡಿಕೊಡಬೇಕು. ದೊಡ್ಡ ಜಾತಿಯ ಡ್ಯಾಫೊಡಿಲ್ಲಿಗೆ ಇದು ಕಷ್ಟ. ಕುಳ್ಳ ಜಾತಿಗಳಿಗೆ ಸುಲಭ, ಏಕೆಂದರೆ ಅವುಗಳ ಕುಂಡ ಮೊಸರಿನ ಪಾತ್ರೆಯಷ್ಟು ಜಾಗದಲ್ಲಿ ಹಿಡಿಸುತ್ತದೆ. ಕುಳ್ಳ ಜಾತಿಗಳಲ್ಲಿ ‘ಟೆಟ್ ಅ ಟೆಟ್’ ಎಂಬುದು ಎಲ್ಲಕ್ಕಿಂತ ಹೆಸರಾದದ್ದು. ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದಲ್ಲಿ ಅಲೆಕ್ ಗ್ರೇ ಎಂಬುವರು ಬೆಳೆಸಿದ ತಳಿ. ಎತ್ತರ ಒಂದು ಗೇಣು. ಒಂದೇ ದಂಟಿನಲ್ಲಿ ಒಂದು, ಎರಡು, ಒಮ್ಮೊಮ್ಮೆ ಮೂರು ಹೂ. ಮಗಳ ಕಿಟಕಿಯ ಕುಂಡದಲ್ಲಿರುವುದೂ ಬಹುಶಃ ಇದೇ ಇದ್ದೀತು.

ಕ್ರಮ ಹೀಗೆ. ಸೆಪ್ಟೆಂಬರಿನ ಎರಡನೆಯ ವಾರದ ಹೊತ್ತಿಗೆ ಗೆಡ್ಡೆ ಕೈಯಲ್ಲಿರಬೇಕು. ಒತ್ತಿ ನೋಡಿದರೆ ಗಟ್ಟಿಯಾಗಿರುವ, ಬೂಷ್ಟು ಹಿಡಿಯದ ಗೆಡ್ಡೆಗಳನ್ನೇ ಆರಿಸಿ. ನಾಲ್ಕೈದು ಅಂಗುಲ ಅಗಲದ ಕುಂಡಕ್ಕೆ ಐದಾರು ಗೆಡ್ಡೆ. ಕೆಂಪುಮಣ್ಣು, ಮರಳು, ಚೆನ್ನಾಗಿ ಕಳಿತು ಪುಡಿಯಾದ ಗೊಬ್ಬರ, ಮೂರೂ ಸಮಪಾಲು. ಗೆಡ್ಡೆಯ ಮೂತಿ ಮಣ್ಣಿನಲ್ಲಿ ಮುಚ್ಚುವಷ್ಟು ಹೂತು, ಒಮ್ಮೆ ನೀರುಣಿಸಿ, ಹೆಚ್ಚಿನ ನೀರೆಲ್ಲ ಬಸಿದ ಮೇಲೆ ಸಣ್ಣ ತೂತುಗಳಿರುವ ಪ್ಲಾಸ್ಟಿಕ್ ಚೀಲದಲ್ಲಿ ಸಡಿಲವಾಗಿ ಸುತ್ತಿ ಫ್ರಿಜ್ಜಿನ ಕೆಳಗಣ ಅಂಕಣದಲ್ಲಿಡಿ. ಮಂಜುಗಡ್ಡೆಯಾಗುವ ಭಾಗದಲ್ಲಿ ಇಡಕೂಡದು. ಅದೇ ಅಂಕಣದಲ್ಲಿ ಬಾಳೆ, ಸೇಬು, ಮಾವು ಮುಂತಾದ ಮಾಗುವ ಹಣ್ಣುಗಳೂ ಇರಕೂಡದು. ಅವು ಹೊರಸೂಸುವ ಎಥಿಲೀನ್ ಅನಿಲ ಒಳಗಿನ ಮೊಗ್ಗನ್ನು ಕೆಡಿಸುತ್ತದೆ. ವಾರಕ್ಕೊಮ್ಮೆ ಬೆರಳಿನಿಂದ ಮುಟ್ಟಿ ನೋಡಿ, ಮಣ್ಣು ಒಣಗಿದ್ದರೆ ಮಾತ್ರ ಎರಡು ಚಮಚ ನೀರು. ಒಂದೆರಡು ಗಂಟೆ ವಿದ್ಯುತ್ತು ಹೋದರೆ ಗಾಬರಿ ಬೇಡ. ಬಾಗಿಲನ್ನು ತೆರೆಯದಿದ್ದರೆ ಸರಿ.

ಹದಿಮೂರು ವಾರ ಕಳೆದು ಡಿಸೆಂಬರಿನ ನಡುಭಾಗಕ್ಕೆ ಬಂದಾಗ, ಮೊಳಕೆ ಎರಡಂಗುಲ ಎದ್ದಿದ್ದರೆ ಕುಂಡವನ್ನು ಹೊರಗೆ ತೆಗೆಯಿರಿ. ಮೊದಲ ಐದು ದಿನ ನೆರಳು; ಅನಂತರ ಬೆಳಗಿನ ಎಳೆಬಿಸಿಲು ಮಾತ್ರ. ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ಜಾಗವೇ ಅದಕ್ಕೆ ತಕ್ಕುದು. ನಾಲ್ಕೈದು ವಾರಗಳಲ್ಲಿ, ಎಂದರೆ ಸಂಕ್ರಾಂತಿಯ ಆಸುಪಾಸಿನಲ್ಲಿ ಹೂವನ್ನು ನಿರೀಕ್ಷಿಸಬಹುದು. ಗೆಡ್ಡೆ ತಡವಾಗಿ ಬಂದರೆ ಹೂವೂ ರಥಸಪ್ತಮಿಯವರೆಗೆ ತಡವಾದೀತು.

ಒಂದು ಮಾತನ್ನು ಮುಚ್ಚಿಡಬಾರದು. ಹೀಗೆ ಅರಳಿಸಿದ ಗೆಡ್ಡೆ ನಮ್ಮ ಬೇಸಗೆಯಲ್ಲಿ ಉಳಿದು ಮರುವರ್ಷ ಹೂ ಕೊಡುವುದನ್ನು ನಂಬುವಂತಿಲ್ಲ. ಅದು ಮದುವೆಮನೆಗೆ ಬಂದ ನೆಂಟರಂತೆ. ಬಂದಾಗ ಸಂತೋಷ, ಉಳಿಸಿಕೊಳ್ಳಲಾಗದು. ಪ್ರತಿ ವರ್ಷ ಹೊಸ ಗೆಡ್ಡೆ ಬೇಕು. ಕಾಶ್ಮೀರದಲ್ಲಿಯಾದರೆ ಇದೇ ಕುಲದ ನರ್ಗಿಸ್ ಹೂ ವರ್ಷವರ್ಷವೂ ತಾನಾಗಿ ಏಳುತ್ತದೆ. ಶ್ರೀನಗರದ ಟ್ಯೂಲಿಪ್ ಉದ್ಯಾನದಲ್ಲಿ ಡ್ಯಾಫೊಡಿಲ್‌ಗಳನ್ನು ವಾಚಕರಲ್ಲಿ ಹಲವರು ಕಂಡಿರಬಹುದು. ಅಲ್ಲಿ ಹಿಮದ ಉಪಕಾರ ಇದೆ. ನಮಗೆ ಅದಿಲ್ಲ.

“ಮಗಳು ಬರುವಾಗ ತನ್ನ ಪೆಟ್ಟಿಗೆಯಲ್ಲಿಯೇ ಗೆಡ್ಡೆ ತರುತ್ತೇನೆ ಎನ್ನುತ್ತಾಳೆ, ತರಿಸಲೇ?” ಎಂದೂ ಸೋದರಿ ಕೇಳಿದ್ದಾರೆ. ಬೇಡ. ಹೊರದೇಶದ ಗಿಡ, ಗೆಡ್ಡೆ, ಬೀಜಗಳನ್ನು ಅನುಮತಿಪತ್ರವೂ ಆ ದೇಶದ ಸಸ್ಯಾರೋಗ್ಯ ಪ್ರಮಾಣಪತ್ರವೂ ಇಲ್ಲದೆ ತರಕೂಡದೆಂದು ೨೦೦೩ರ ಸಸ್ಯ ಸಂಪರ್ಕನಿಷೇಧದ ಆದೇಶ ವಿಧಿಸುತ್ತದೆ. ಒಂದು ಗೆಡ್ಡೆಯೊಡನೆ ಬಂದ ಕಣ್ಣಿಗೆ ಕಾಣದ ಹುಳು ಊರ ಈರುಳ್ಳಿ ಬೆಳೆಗೆ ಕುತ್ತಾಗಬಹುದು. ಇಲ್ಲಿಯೇ ಮಾರುವವರಿಂದ ಕೊಳ್ಳುವುದೇ ಸರಿ.

ಈರುಳ್ಳಿಯ ಮಾತು ಬಂದುದರಿಂದ ಇನ್ನೊಂದು ಎಚ್ಚರಿಕೆ. ಡ್ಯಾಫೊಡಿಲ್ ಗೆಡ್ಡೆ ನೋಡಲು ಸಣ್ಣ ಈರುಳ್ಳಿಯಂತೆಯೇ ಇರುತ್ತದೆ; ಆದರೆ ಅದರಲ್ಲಿ ಲೈಕೊರಿನ್ ಎಂಬ ವಿಷವಿದೆ. ತಿಂದರೆ ವಾಂತಿ, ಹೊಟ್ಟೆನೋವು ತಪ್ಪದು. ಅಡಿಗೆಮನೆಯ ಫ್ರಿಜ್ಜಿನಲ್ಲಿ ಇಡುವುದರಿಂದ ಕುಂಡದ ಮೇಲೆ ‘ತಿನ್ನುವ ವಸ್ತುವಲ್ಲ’ ಎಂದು ದಪ್ಪ ಅಕ್ಷರದಲ್ಲಿ ಬರೆದು ಅಂಟಿಸಿ. ಮೊಮ್ಮಗುವಿನ ಕೈಗೆ ಎಟುಕದಂತೆ ನೋಡಿಕೊಳ್ಳಿ.

ಇದಿಷ್ಟು ಮೊದಲ ದಾರಿ. ಆದರೆ ಸೆಪ್ಟೆಂಬರಿಗೆ ಇನ್ನೂ ಐದು ತಿಂಗಳಿದೆ. ಅಲ್ಲಿಯವರೆಗೆ ಖಾಲಿ ಕುಂಡವನ್ನು ನೋಡುತ್ತ ಕೂರುವುದೇ? ನೊಂದ ಕೈಗೆ ಬೇಗನೆ ಒಂದು ಹೂ ಕಾಣಿಸಬೇಕು. ಅದಕ್ಕಾಗಿ ಎರಡನೆಯ ದಾರಿ.

ಡ್ಯಾಫೊಡಿಲ್ಲಿನ ಮನೆತನದಲ್ಲಿಯೇ ಹುಟ್ಟಿದ ಒಂದು ಕುಳ್ಳ ಗಿಡ ನಮ್ಮ ಬೀದಿಗಳಲ್ಲಿ ಬಹುಕಾಲದಿಂದ ಇದೆ. ರೈನ್ ಲಿಲ್ಲಿ ಎಂದರೆ ಎಲ್ಲರಿಗೂ ಗೊತ್ತು; ಮಳೆಲಿಲ್ಲಿ ಎಂದರೆ ಇನ್ನೂ ಚೆಂದ. ಹುಲ್ಲಿನಂಥ ಎಲೆ, ಗೇಣುದ್ದದ ದಂಟು, ದಂಟಿಗೊಂದು ಹೂ, ಆರು ಎಸಳು. ಡ್ಯಾಫೊಡಿಲ್ಲಿನ ನಡುವಣ ಬಟ್ಟಲು ಇದಕ್ಕಿಲ್ಲ, ನಿಜ. ಆದರೆ ಹಳದಿ ಜಾತಿಯ ಹತ್ತು ಹೂ ಒಂದೇ ಕುಂಡದಲ್ಲಿ ಎದ್ದಾಗ ದೂರದಿಂದ ನೋಡಿದವರು ಮಗಳ ಕಿಟಕಿಯ ಚಿತ್ರವನ್ನೇ ನೆನೆಯುವರು. ಎರಡು ಗಿಡಗಳೂ ಅಮರಿಲ್ಲಿಸ್ ಕುಟುಂಬದವು. ಇದಕ್ಕೆ ೧೮೨೧ರಲ್ಲಿ ‘ಝೆಫಿರಾಂಥಿಸ್’ ಎಂದು ಹೆಸರಿಟ್ಟ ಸಸ್ಯಶಾಸ್ತ್ರಜ್ಞ ವಿಲಿಯಂ ಹರ್ಬರ್ಟ್, ಡ್ಯಾಫೊಡಿಲ್ ತಳಿಗಳನ್ನು ಕೂಡಿಸಿ ಹೊಸ ತಳಿ ಪಡೆಯಲು ಶ್ರಮಿಸಿದವನೂ ಹೌದು. ಝೆಫಿರಸ್ ಎಂದರೆ ಗ್ರೀಕರ ಪಡುವಣ ಗಾಳಿಯ ದೇವತೆ. ಆದುದರಿಂದ ಇದು ಪಡುವಣ ಗಾಳಿಯ ಹೂ. ಪಡುವಣ ಗಾಳಿ ಮಳೆ ತರುವ ನಮ್ಮ ನಾಡಿಗೆ ಇದಕ್ಕಿಂತ ಒಪ್ಪುವ ಹೆಸರುಂಟೆ?

ಇದರ ತವರು ಅಮೆರಿಕ ಖಂಡ; ಹಳದಿ ಜಾತಿ ಮೆಕ್ಸಿಕೊ ಸೀಮೆಯದು. ಹೊರಗಿನಿಂದ ಬಂದ ಗಿಡವೆಂದು ಹಿಂಜರಿಯಬೇಕಿಲ್ಲ. ನಾವು ದೇವರಿಗೇರಿಸುವ ಚೆಂಡುಹೂ, ಮದುವೆಯ ಹಾರದ ಸುಗಂಧರಾಜ ಕೂಡ ಮೆಕ್ಸಿಕೊದಿಂದ ಬಂದವೇ. ಹೊರಗಿನದನ್ನು ಹದಮಾಡಿ ನೆಲೆಗೊಳಿಸುವ ವಿದ್ಯೆ ಈ ಸೀಮೆಗೆ ಹೊಸದೂ ಅಲ್ಲ. ಶಿರಾ ಮೊಗಲರ ಸುಬೆಯ ರಾಜಧಾನಿಯಾಗಿದ್ದಾಗ ಅಲ್ಲಿ ಖಾನ್ ಬಾಗ್ ಎಂಬ ತೋಟವಿತ್ತು. ಹೈದರಾಲಿಗೆ ಬೆಂಗಳೂರಿನ ಲಾಲ್‌ಬಾಗಿನ ಕಲ್ಪನೆ ಹುಟ್ಟಿದುದು ಆ ತೋಟದಿಂದಲೇ ಇರಬಹುದೆಂಬ ಮಾತು ಹಳೆಯ ಗೆಜೆಟಿಯರುಗಳಿಂದ ಬಂದಿದೆ.

ಮಳೆಲಿಲ್ಲಿ ಇಲ್ಲಿ ನಿಂತು ಡ್ಯಾಫೊಡಿಲ್ ನಿಲ್ಲದೆ ಹೋದುದಕ್ಕೆ ಕಾರಣ ಒಂದೇ. ಇಬ್ಬರೂ ಮಲಗುವವರೇ, ಎಬ್ಬಿಸುವವರು ಬೇರೆ. ಡ್ಯಾಫೊಡಿಲ್ಲನ್ನು ಎಬ್ಬಿಸುವುದು ಚಳಿ. ಮಳೆಲಿಲ್ಲಿಯನ್ನು ಎಬ್ಬಿಸುವುದು ಒಣನೆಲಕ್ಕೆ ಬಿದ್ದ ಮಳೆ. ಒಣಗಿ ಬಿರಿದ ಮಣ್ಣು ಒಮ್ಮೆ ಚೆನ್ನಾಗಿ ನೆನೆದರೆ ಸಾಕು, ನಾಲ್ಕೈದು ದಿನಗಳಲ್ಲಿ ಮೊಗ್ಗು ಮೇಲೇಳುತ್ತದೆ. ಚಳಿ ನಮ್ಮ ಸೀಮೆಗೆ ಬಾರದು. ಮಳೆ ಬರುತ್ತದೆ; ಕಡಮೆ ಬರುತ್ತದೆ, ನಡುವೆ ವಾರಗಟ್ಟಲೆ ಬಿಡುವು ಕೊಟ್ಟು ಬರುತ್ತದೆ. ರೈತನಿಗೆ ಕಷ್ಟವಾದ ಆ ಬಿಡುವೇ ಈ ಪುಟ್ಟ ಗೆಡ್ಡೆಗೆ ಮತ್ತೆಮತ್ತೆ ಹೂಬಿಡುವ ಅವಕಾಶ.

ಭರಣಿ ಮಳೆ ಏಪ್ರಿಲ್ ಕೊನೆಗೆ ಹುಟ್ಟುತ್ತದೆ. ಅದಕ್ಕೆ ಮೊದಲೇ ಗೆಡ್ಡೆ ನೆಡಿ. ಎಂಟಂಗುಲದ ಕುಂಡಕ್ಕೆ ಹತ್ತು ಹನ್ನೆರಡು ಗೆಡ್ಡೆ. ಇವು ಒತ್ತಾಗಿದ್ದರೇ ಚೆನ್ನಾಗಿ ಹೂಬಿಡುವುವು. ಎರಡು ಪಾಲು ಕೆಂಪುಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಕೊಟ್ಟಿಗೆ ಗೊಬ್ಬರ. ಗೆಡ್ಡೆಯ ಕತ್ತು ಮಣ್ಣಿನ ಮಟ್ಟಕ್ಕೆ ಬರಲಿ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳುವ ಕಡೆ ಇಡಿ. ಎಲೆ ಬಂದ ಮೇಲೆ ಎರಡು ಮೂರು ವಾರ ನೀರು ನಿಲ್ಲಿಸಿ, ಒಂದು ದಿನ ತಳದಿಂದ ಹರಿಯುವಷ್ಟು ಎರೆಯಿರಿ. ಆಕಾಶದ ಮಳೆ ತಪ್ಪಿದರೆ ಕೈಯಿಂದ ಮಾಡುವ ಮಳೆ ಇದು. ಅಕ್ಕಿ, ತರಕಾರಿ ತೊಳೆದ ನೀರು ಸಾಕು. ಸಾಬೂನಿನ ನೀರು ಬೇಡ.

ನಾಲ್ಕು ತಾಲ್ಲೂಕುಗಳ ವಾಚಕರಿಗೂ ಒಂದೊಂದು ಮಾತು. ಪಾವಗಡದ ಕೊಳವೆಬಾವಿಯ ನೀರು ಗಡಸು. ಕುಂಡದ ಅಂಚಿನಲ್ಲಿ ಬಿಳಿಯ ಪೊರೆ ಕಟ್ಟಿದರೆ ಎಲೆಯ ತುದಿ ಸುಡುತ್ತದೆ. ಮಳೆ ಬಂದಾಗ ಕುಂಡವನ್ನು ಬಯಲಿಗಿಟ್ಟರೆ ಆ ಉಪ್ಪೆಲ್ಲ ತೊಳೆದು ಹೋಗುತ್ತದೆ. ತಾರಸಿಯ ಬಿಸಿಲಿಗೆ ಹಳದಿ ಜಾತಿ ಒಳ್ಳೆಯದು. ಶಿರಾ, ಮಧುಗಿರಿಗಳಲ್ಲಿ ಕಾಂಪೌಂಡಿನ ಮೂಡಣ ಗೋಡೆಯ ಬದಿಯಲ್ಲಿ ಗುಲಾಬಿ ಬಣ್ಣದ ದೊಡ್ಡ ಹೂವಿನ ಜಾತಿಯನ್ನು ಸಾಲಾಗಿ ನೆಡಬಹುದು. ಕೊರಟಗೆರೆಯ ಕಡೆ, ಜಯಮಂಗಲಿಯ ಮಗ್ಗುಲ ತೆಂಗು ಅಡಕೆಯ ತೋಟಗಳಲ್ಲಿ ತೇವ ಹೆಚ್ಚು. ಅಲ್ಲಿಗೆ ಬಿಳಿಯ ಜಾತಿ ತಕ್ಕುದು, ಒದ್ದೆಯನ್ನು ಅದು ತಾಳಿಕೊಳ್ಳುತ್ತದೆ. ಸಿದ್ಧರಬೆಟ್ಟದಂಥ ಕಾಡುಗಳಲ್ಲಿ ಮೊದಲ ಮಳೆಗೆ ಏಳುವ ಕಾಡುಗೆಡ್ಡೆಗಳನ್ನು ಮಾತ್ರ ಯಾರೂ ಕಿತ್ತು ತರಬೇಡಿ. ಅವು ಬೆಟ್ಟದ ಸೊತ್ತು. ಕಣ್ಣಿಂದ ನೋಡಿ ಬಂದರೆ ಸಾಕು.

ಮಳೆಗಾಲದಲ್ಲಿ ಕಪ್ಪು ಮೈಯ ಮೇಲೆ ಬಿಳಿ, ಕೆಂಪು ಚುಕ್ಕೆಗಳಿರುವ ಒಂದು ಹುಳು ಲಿಲ್ಲಿ ಜಾತಿಗಳ ಎಲೆಯನ್ನು ರಾತ್ರಿ ಬೆಳಗಾಗುವುದರೊಳಗೆ ಬುಡದವರೆಗೆ ಮೇಯುತ್ತದೆ. ಔಷಧ ಬೇಡ, ಸಂಜೆ ದೀಪ ಹಿಡಿದು ಹುಡುಕಿ, ಕಡ್ಡಿಯಿಂದ ಹೆಕ್ಕಿ ಸಾಬೂನು ನೀರಿಗೆ ಹಾಕಿ. ಎಲೆ ಹೋದರೂ ಗೆಡ್ಡೆ ಉಳಿದಿರುತ್ತದೆ, ಮತ್ತೆ ಚಿಗುರುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಕುಂಡವನ್ನು ಮಗುಚಿ ಗೆಡ್ಡೆಗಳನ್ನು ಬಿಡಿಸಿದರೆ ಹತ್ತು ಇದ್ದಲ್ಲಿ ನಲವತ್ತು ಸಿಕ್ಕಾವು. ಇವೂ ತಿನ್ನಲು ವಿಷವೇ, ಮರೆಯದಿರಿ.

ಕೊನೆಗೆ ಮತ್ತೆ ಕೈಗುಣದ ಮಾತು. ಕೈಗುಣವೆಂಬುದು ಇಲ್ಲವೆಂದು ನಾನು ಹೇಳಲಾರೆ. ಆದರೆ ಅದು ಅಂಗೈಯ ಗೆರೆಯಲ್ಲಿ ಬರೆದು ಬಂದದ್ದಲ್ಲ. ಯಾವ ಗಿಡ ಯಾವುದಕ್ಕಾಗಿ ಕಾಯುತ್ತದೆ ಎಂಬುದನ್ನು ಅರಿತು, ಅದನ್ನು ಕೊಟ್ಟು, ಉಳಿದುದಕ್ಕೆ ಸುಮ್ಮನಿರುವುದೇ ಕೈಗುಣ. ಮಲ್ಲಿಗೆಗೆ ಏನು ಬೇಕೆಂಬುದು ಆ ಸೋದರಿಗೆ ತಿಳಿದಿತ್ತು, ಮಲ್ಲಿಗೆ ಬಿಟ್ಟಿತು. ಡ್ಯಾಫೊಡಿಲ್ಲಿಗೆ ಏನು ಬೇಕೆಂಬುದನ್ನು ಮಾರಿದವರೂ ಹೇಳಲಿಲ್ಲ, ನೆರೆಯಾಕೆಗೂ ತಿಳಿದಿರಲಿಲ್ಲ. ಇನ್ನು ತಿಳಿಯಿತು.

ತಾಯಿ, ಈ ವಾರವೇ ಒಂದು ಕುಂಡಕ್ಕೆ ಮಣ್ಣು ತುಂಬಿಸಿ ಮಳೆಲಿಲ್ಲಿ ನೆಡಿ. ಮೊದಲ ಹೂ ಅರಳಿದ ದಿನ ಚಿತ್ರವನ್ನು ಇಂಗ್ಲೆಂಡಿಗೆ ಈ ಬಾರಿ ನೀವು ಕಳುಹಿಸಿ. ಕುಂಡ ಗೆಡ್ಡೆಗಳಿಂದ ತುಂಬಿದ ವರ್ಷ ನಾಲ್ಕನ್ನು ನೆರೆಮನೆಯಾಕೆಗೂ ಕೊಡಿ. ಸೆಪ್ಟೆಂಬರು ಬಂದಾಗ ಫ್ರಿಜ್ಜಿನ ಕೆಳಗಣ ಅಂಕಣವನ್ನು ತೆರವು ಮಾಡಲು ಮರೆಯಬೇಡಿ.